ಪರದೆ ಹೊಲಿದವಳು

ಧರಣೇಂದ್ರ ಮೇಷ್ಟ್ರು ಅಳತೆ ಚೀಟಿ ತಂದಿದ್ದರು:
ಹದಿನಾರಡಿ ಅಗಲ, ಒಂಬತ್ತಡಿ ಎತ್ತರ,
ಬಿಳೀ ಲಾಂಗ್‌ಕ್ಲಾತು, ಸುಕ್ಕಿರಕೂಡದು.
ಅಷ್ಟು ಪನ್ನದ ಬಟ್ಟೆ ಹಾಸನದಲ್ಲೆಲ್ಲಿ ಸಿಗಬೇಕು?
ಎರಡು ತುಂಡು ಕೂಡಿಸಿದೆ, ಅಡ್ಡಡ್ಡ,
ಒಳಮಡಿಕೆ ಹಾಕಿ ಎರಡು ಸಲ ಮಿಷನ್ ಓಡಿಸಿ.
ಕೂಲಿ ಇನ್ನೂರೈವತ್ತು. ಮೇಲೊಂದು ಟಿಕೀಟು.

ಬಿತ್ತನೆ ಆಲೂಗಡ್ಡೆ ಮಂಡಿಯ ಮೇಲಿನ ಮಾಳಿಗೆ.
ಮಣ್ಣಿನ ವಾಸನೆಯ ಮೇಲೆ ನಲವತ್ತು ಕುರ್ಚಿ.
ಫ್ರೆಂಚ್ ಸಿನಿಮಾ; ಕೆಳಗೆ ಅಕ್ಷರ ಬರುವುದಿಲ್ಲ,
ಅದಕ್ಕೆ ಕಾನ್ವೆಂಟಿನ ಕ್ಲಾರಾ ಟೀಚರು
ಗೋಡೆಗೊರಗಿ ಮೈಕು ಹಿಡಿದು
ಒಂದು ಉಸಿರು ಹಿಂದೆ ನಿಂತು ಕನ್ನಡದಲ್ಲಿ ಹೇಳುವರು.
ಕಿರುಚಿದರೂ ಬಿಡರು:
‘ಅವಳು ಕಿರುಚುತ್ತಾಳೆ.’
ಮತ್ತೆ, ‘ಈಗಲೂ ಕಿರುಚುತ್ತಾಳೆ.’
ಹಿಂದಿನ ಸಾಲಿನವರು ನಕ್ಕರು, ಆಮೇಲೆ ನಗಲಿಲ್ಲ.

ನೀಲಿ ಕಾಡು. ಒಂದೊಂದು ಎಲೆಯನ್ನೂ ಒರೆಸಿಟ್ಟ ಹಾಗೆ.
ಅಜ್ಜಿಗೆ ಬುತ್ತಿ ಒಯ್ಯುವ ಅದೇ ಕಥೆಯ ಹುಡುಗಿ,
ಈಗ ಇಪ್ಪತ್ತರವಳು, ಕೆಂಪು ಮುಸುಕಿನ ನಿಲುವಂಗಿ,
ಜೊತೆಗೆ ನಾಲ್ವರು ಗೆಳೆಯರು, ಒಂದು ಹಳೇ ಕಾರು.
ತೋಳದ ತಲೆ ಹಾಕಿಕೊಂಡವನ ಕೈಗೆ ಬಿಳೀ ಗ್ಲೌಸು.
ಬಾಗಿಲು ತೆರೆದು ಬಾಗಿ ನಿಲ್ಲುತ್ತಾನೆ, ಮದುವೆಮನೆಯವನಂತೆ.
ಕೇಳುತ್ತಾನೆ, ಕ್ಲಾರಾ ಟೀಚರ ಬಾಯಲ್ಲಿ:
‘ಯಾವ ದಾರಿ ಹಿಡೀತೀಯಮ್ಮ?
ಗುಂಡುಸೂಜಿ ದಾರಿಯೋ, ಹೊಲಿಯೋ ಸೂಜಿ ದಾರಿಯೋ?’
ನಾನು ನೆಟ್ಟಗೆ ಕೂತೆ.

ಆಗ ಕಂಡಿತು ನನ್ನ ಹೊಲಿಗೆ.
ಎಡದಿಂದ ಬಲಕ್ಕೆ, ನಿಂತವರ ಕತ್ತಿನ ಎತ್ತರಕ್ಕೆ
ಒಂದು ಎಳೆ ನೆರಳು.
ಚೂರಿ ಎಲ್ಲಿ ಎದ್ದರೂ ಬಂದು ಬೀಳುವುದು ಅಲ್ಲೇ.
ಮೊದಲನೆಯವನು, ಪಿಯಾನೋ ಮೇಲೆ.
ಎರಡನೆಯವಳು, ಹಾಲಿನಂಥ ನೀರಿನ ತೊಟ್ಟಿಯಲ್ಲಿ.
ಎಷ್ಟು ಚೆಂದ ಸಾಯಿಸುತ್ತಾರಪ್ಪ ಈ ಜನ,
ಹೂವು ಜೋಡಿಸಿದ ಹಾಗೆ!
ನಾನು ಗೆರೆಯನ್ನೇ ನೋಡುತ್ತ
ಬಿಚ್ಚೀತೇನೋ ಎಂದು ಕಾಲ್ಬೆರಳು ಬಿಗಿಹಿಡಿದೆ.

ಇನ್ನೊಂದು ಕಂಡೆ, ಯಾರಿಗೂ ಹೇಳಲಿಲ್ಲ:
ನಿಲುವಂಗಿ ಒಂದಲ್ಲ, ಮೂರು.
ಕಾರಿನಲ್ಲಿದ್ದುದಕ್ಕೆ ಕೊರಳಲ್ಲಿ ನೆರಿಗೆ ಒಂಬತ್ತು,
ಮೆಟ್ಟಿಲ ಮೇಲೆ ಓಡಿದ್ದಕ್ಕೆ ಏಳು,
ಕೊನೆಯದಕ್ಕೆ ಅಂಚು ಕೈಹೊಲಿಗೆ, ಅವಸರದ್ದು.
ಅಷ್ಟೆಲ್ಲ ನೆತ್ತರು ಹಾರಿತಲ್ಲ, ನೆಲಕ್ಕೆ, ಗೋಡೆಗೆ,
ತೋಳದ ಗ್ಲೌಸಿಗೆ;
ಅವಳ ಮೈಮೇಲೆ ಮಾತ್ರ ಕಾಣಲೇ ಇಲ್ಲ.
ಕೆಂಪಿನ ಮೇಲೆ ಕೆಂಪು.

ಹಾಗಾದರೆ ಆ ಬಟ್ಟೆ ಆರಿಸಿದವರು ಯಾರು?
ಕಥೆಯಲ್ಲಿ ಅಜ್ಜಿಯೇ ಹೊಲಿದುಕೊಟ್ಟದ್ದು.
ಅವಳಿಗೆ ಮೊದಲೇ ಗೊತ್ತಿತ್ತು.

ದುದ್ದದಲ್ಲಿ, ನಾನು ಮೈನೆರೆದ ಒಂಬತ್ತನೇ ದಿನ
ನಮ್ಮಜ್ಜಿ ಚೌಡಮ್ಮ ಕೊಟ್ಟ ಲಂಗ:
ಕಡುಗೆಂಪು, ದಪ್ಪ, ಅಗ್ಗದ್ದು.
ನನಗೆ ಬಿಳಿ ಬೇಕಿತ್ತು, ಚುಕ್ಕಿಯದು.
‘ಇದ್ನೇ ಉಟ್ಕ ಮಗ, ಕಲೆ ಕಾಣಕ್ಕಿಲ್ಲ’ ಅಂದಳು.
ಇಷ್ಟೇ ಅಂದದ್ದು. ಯಾವ ಕಲೆ,
ಯಾವ ದಾರಿಯಲ್ಲಿ, ಯಾರಿಂದ,
ಹೇಳಲಿಲ್ಲ. ದಾರ ಕಚ್ಚಿ ತುಂಡರಿಸಿದಳು.

ಕೊನೆಗೆ ಮಂಚದ ಮೇಲಿನ ಮುದುಕಿ
ತೋಳದ ತಲೆ ತೊಡೆಯ ಮೇಲಿಟ್ಟುಕೊಂಡು
ನಮ್ಮನ್ನೇ ನೋಡಿ ಒಂದು ಮಾತು ಹೇಳಿದಳು.
ಕ್ಲಾರಾ ಟೀಚರು ಮೈಕು ಎತ್ತಿದರು, ಇಳಿಸಿದರು.
ದೀಪ ಹತ್ತಿತು.
ಮೆಟ್ಟಿಲಲ್ಲಿ ಕೇಳಿದೆ. ‘ಕೇಳಿಸಲಿಲ್ಲಮ್ಮ’ ಎಂದರು,
ಸೆರಗಿನಿಂದ ಕನ್ನಡಕ ಒರೆಸುತ್ತ.

ಸೋಮವಾರ ಪರದೆ ಒಗೆಯಲು ಬಂತು.
ಪೆನ್ಷನ್ ಮೊಹಲ್ಲಾದ ತಾರಸಿಯ ಮೇಲೆ ಹರವಿದೆ.
ಗಂಟೆಗಟ್ಟಲೆ ರಕ್ತ ಹರಿದ ಬಟ್ಟೆ,
ಮಲ್ಲಿಗೆಯಷ್ಟು ಬಿಳಿ.
ಹೊಲಿಗೆ ಒಂದೂ ಬಿಚ್ಚಿಲ್ಲ.
ಕೆಳಗೆ, ಎಡಮೂಲೆಯಲ್ಲಿ, ತೋಳ ಬಾಗಿ ನಿಂತಿದ್ದಲ್ಲಿ,
ಒಂದು ಪುಟ್ಟ ಅಂಗೈ, ಆಲೂಗಡ್ಡೆ ಮಣ್ಣಿನದು.
ಯಾರದೋ ಮಗು, ಕತ್ತಲಲ್ಲಿ ಎದ್ದು ಹೋಗಿ
ಮುಟ್ಟಿ ನೋಡಿದೆ.
ಎರಡು ಸಲ ಸೋಪು ಹಾಕಿದೆ.
ಹೋಗಲಿಲ್ಲ.